ಬೊಮ್ಮಸಂದ್ರದ ಬೇಟೆಗಾರ ಮತ್ತು ಏಳು ನ್ಯಾನೋಮೀಟರ್ ಎಳೆ!

ಹಳದಿ ಮೆಟ್ರೋ ಹತ್ತಿ. ಸಿಲ್ಕ್ ಬೋರ್ಡ್ ಜಾಮನ್ನು ಮೇಲಿನಿಂದ ನೋಡಿ ಒಮ್ಮೆ ನಕ್ಕುಬಿಡಿ. ಎಲೆಕ್ಟ್ರಾನಿಕ್ ಸಿಟಿ ದಾಟಿ, ಹೆಬ್ಬಗೋಡಿ ದಾಟಿ, ಕೊನೆಯ ನಿಲ್ದಾಣ ಬೊಮ್ಮಸಂದ್ರದಲ್ಲಿ ಇಳಿಯಿರಿ.

ಈಗ ಹೇಳಿ, ಈ ಕೈಗಾರಿಕಾ ಪ್ರದೇಶದಲ್ಲಿ ಏನೇನು ತಯಾರಾಗುತ್ತದೆ?

ಯಂತ್ರದ ಬಿಡಿಭಾಗ? ಹೌದು. ಔಷಧಿ? ಅದೂ ಹೌದು. ಆದರೆ ಇನ್ನೊಂದಿದೆ. ಊಹಿಸಿ ನೋಡೋಣ! ಅದಕ್ಕೆ ಜೀವವಿದೆ. ಅದು ನಡೆಯುತ್ತದೆ. ಹುಡುಕುತ್ತದೆ. ಸಿಕ್ಕರೆ ಕೊಲ್ಲುತ್ತದೆ! ಒಬ್ಬರಿಗೆಂದು ಮಾಡಿದ್ದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಗೋದಾಮಿನಲ್ಲಿ ರಾಶಿ ಹಾಕಿ ಮಾರುವಂತಿಲ್ಲ.

ಸೋತಿರಾ? ಅದು ಮನುಷ್ಯನ ಬಿಳಿ ರಕ್ತಕಣ!

ಇಲ್ಲಿನ ನಾರಾಯಣ ಹೆಲ್ತ್ ಸಿಟಿಯ ಆವರಣದಲ್ಲಿ ಇಮ್ಯುನೀಲ್ ಎಂಬ ಕಂಪನಿಯಿದೆ. 2019ರಲ್ಲಿ ಕಿರಣ್ ಮಜುಂದಾರ್ ಶಾ, ಕ್ಯಾನ್ಸರ್ ತಜ್ಞ ಹಾಗೂ ಲೇಖಕ ಸಿದ್ಧಾರ್ಥ ಮುಖರ್ಜಿ, ಕುಶ್ ಪರ್ಮಾರ್ ಸೇರಿ ಕಟ್ಟಿದ್ದು. ರೋಗಿಯ ರಕ್ತದಿಂದ ಟಿ ಕೋಶ ಎಂಬ ಬಿಳಿ ರಕ್ತಕಣಗಳನ್ನು ಹೆಕ್ಕುತ್ತಾರೆ. ಪಳಗಿಸಿದ ವೈರಸ್ಸಿನ ಕೈಯಲ್ಲಿ ಒಂದು ಹೊಸ ಜೀನ್ ಕೊಟ್ಟು ಒಳಗೆ ಕಳಿಸುತ್ತಾರೆ. ಕೋಶಗಳನ್ನು ಬೆಳೆಸಿ, ಅದೇ ರೋಗಿಯ ಮೈಗೆ ವಾಪಸು ಬಿಡುತ್ತಾರೆ. ಇದೇ ಕಾರ್-ಟಿ ಚಿಕಿತ್ಸೆ. ಬಾರ್ಸಿಲೋನಾದ ಆಸ್ಪತ್ರೆಯೊಂದರಲ್ಲಿ ಹುಟ್ಟಿದ ವಿದ್ಯೆ, 2025ರ ಜನವರಿಯಲ್ಲಿ ಬೊಮ್ಮಸಂದ್ರದಿಂದ ‘ಕಾರ್ಟೆಮಿ’ ಎಂಬ ಹೆಸರಲ್ಲಿ ಹೊರಬಂತು. ಬೇರೆ ಚಿಕಿತ್ಸೆಗೆ ಬಗ್ಗದ ಒಂದು ಬಗೆಯ ಲಿಂಫೋಮಾ ಕ್ಯಾನ್ಸರಿಗೆ ಇದು ಮದ್ದು.

ಅಬ್ಬಾ ಅನ್ನಿಸಿತೇ? ತಾಳಿ, ನಾನಿನ್ನೂ ವಿಷಯಕ್ಕೇ ಬಂದಿಲ್ಲ!

ಆ ಹೊಸ ಜೀನ್ ಕೋಶಕ್ಕೆ ಕೊಡುವುದು ಏನು ಗೊತ್ತೇ? ಒಂದೇ ಒಂದು ಗ್ರಾಹಕ ಪ್ರೋಟೀನ್. ಕ್ಯಾನ್ಸರ್ ಕೋಶದ ಮೈಮೇಲಿನ ಸಿಡಿ19 ಎಂಬ ಗುರುತನ್ನು ಅದು ಹಿಡಿಯುತ್ತದೆ. ಅಷ್ಟೇ! ನಡೆಯುವುದನ್ನು ಯಾರೂ ಕಲಿಸಲಿಲ್ಲ. ಸಂದಿಯಲ್ಲಿ ನುಸುಳುವುದನ್ನು ಕಲಿಸಲಿಲ್ಲ. ಅಪ್ಪಿ ಹಿಡಿದು ಕೊಲ್ಲುವುದನ್ನೂ ಕಲಿಸಲಿಲ್ಲ. ಅದೆಲ್ಲ ಮೊದಲೇ ಕೋಶದೊಳಗಿತ್ತು.

ಎಲ್ಲಿತ್ತು? ಹೇಗಿತ್ತು? ಇಲ್ಲಿಂದ ಮುಂದೆ ನನಗೆ ನಿಧಾನವಾಗಿ ಮಾತಾಡಲು ಆಗುವುದಿಲ್ಲ, ಕ್ಷಮಿಸಿ!

ಟಿ ಕೋಶಕ್ಕೆ ಕಾಲಿಲ್ಲ. ರೆಕ್ಕೆಯಿಲ್ಲ. ಬಾಲವಿಲ್ಲ. ಅಗಲ ಏಳೆಂಟು ಮೈಕ್ರೋಮೀಟರ್. ಹತ್ತು ಕೋಶ ಸಾಲಾಗಿ ನಿಂತರೆ ಒಂದು ತಲೆಗೂದಲಿನ ದಪ್ಪ! ಆದರೂ ದುಗ್ಧಗ್ರಂಥಿಯೊಳಗೆ ನಿಮಿಷಕ್ಕೆ ಸುಮಾರು ಹತ್ತು ಮೈಕ್ರೋಮೀಟರ್ ನಡೆಯುತ್ತದೆ. ಪ್ರತಿ ನಿಮಿಷವೂ ತನ್ನ ಮೈಯುದ್ದಕ್ಕಿಂತ ಹೆಚ್ಚು ದಾರಿ. ದಣಿವಿಲ್ಲ, ನಿದ್ದೆಯಿಲ್ಲ!

ಕಾಲಿಲ್ಲದೆ ನಡೆಯುವುದು ಹೇಗೆ?

ಒಳಗೆ ಆಕ್ಟಿನ್ ಎಂಬ ಪ್ರೋಟೀನ್ ಇದೆ. ಬಿಡಿಬಿಡಿ ಮಣಿಗಳು ಸೇರಿ ಎಳೆಯಾಗುತ್ತವೆ. ಎಳೆಯ ದಪ್ಪ? ಏಳು ನ್ಯಾನೋಮೀಟರ್! ಕೋಶದ ಅಗಲದ ಸಾವಿರದಲ್ಲೊಂದು ಪಾಲು. ಎಳೆಯ ಮುಂದಿನ ತುದಿಗೆ ಮಣಿ ಸೇರುತ್ತಾ ಹೋಗುತ್ತದೆ, ಹಿಂದಿನ ತುದಿಯಿಂದ ಉದುರುತ್ತಾ ಬರುತ್ತದೆ. ಉದುರಿದ್ದೇ ಮತ್ತೆ ಮುಂದಕ್ಕೆ! ಎಲೆಕ್ಟ್ರಾನಿಕ್ ಸಿಟಿಯ ಸುತ್ತ ಎದ್ದುನಿಲ್ಲುವ ಅಪಾರ್ಟ್‌ಮೆಂಟುಗಳಿಗೆ ಸಾರುವೆ ಕಟ್ಟುವುದನ್ನು ನೋಡಿದ್ದೀರಲ್ಲ? ಹಿಂದಿನ ಕಂಬ ಬಿಚ್ಚಿ ಮುಂದೆ ನೆಡುವ ಸಾರುವೆ ಇದು. ವ್ಯತ್ಯಾಸ ಒಂದೇ, ಇಲ್ಲಿ ಸಾರುವೆಯ ಜೊತೆ ಇಡೀ ಕಟ್ಟಡವೇ ಮುಂದಕ್ಕೆ ಹೋಗುತ್ತದೆ! ಎಳೆ ಬೆಳೆದು ಕೋಶದ ಪೊರೆಯನ್ನು ತಳ್ಳುತ್ತದೆ. ಪೊರೆ ಮುಂದೆ ಉಬ್ಬುತ್ತದೆ. ಕೋಶ ಹೊರಟಿತು!

ಇನ್ನೊಂದು ಸವಾಲು. ನಿಮ್ಮ ಬಿಳಿ ರಕ್ತಕಣದ ಬೀಟಾ ಆಕ್ಟಿನ್‌ನಲ್ಲಿ 375 ಅಮೈನೋ ಆಮ್ಲಗಳ ಸರಪಳಿಯಿದೆ. ಕೋಳಿಯ ಬೀಟಾ ಆಕ್ಟಿನ್‌ನಲ್ಲೂ 375. ಈ ಎರಡು ಸರಪಳಿಗಳಲ್ಲಿ ಎಷ್ಟು ಕೊಂಡಿ ಬೇರೆಬೇರೆ ಇರಬಹುದು? ನಮಗೂ ಕೋಳಿಗೂ ಮೂಲವಾದ ಜೀವಿಯಿಂದ ಕವಲೊಡೆದು ಸುಮಾರು 30 ಕೋಟಿ ವರ್ಷ ಕಳೆದಿದೆ, ನೆನಪಿರಲಿ.

ನೂರು? ಐವತ್ತು? ಹತ್ತು?

ಸೊನ್ನೆ! ಒಂದೂ ಇಲ್ಲ! 30 ಕೋಟಿ ವರ್ಷ ಪ್ರಕೃತಿ ಇದರ ಒಂದು ಕೊಂಡಿಯನ್ನೂ ಬದಲಿಸಲು ಧೈರ್ಯ ಮಾಡಲಿಲ್ಲ.

ಆಕ್ಟಿನ್ ಎಲ್ಲರಲ್ಲೂ ಒಂದೇ ಅಂದಮೇಲೆ ಕೋಳಿ ಕಾಲಿನ ಕೋಶಕ್ಕೂ ಕ್ಯಾನ್ಸರ್ ಕೊಲ್ಲುವ ಕೋಶಕ್ಕೂ ವ್ಯತ್ಯಾಸ ಎಲ್ಲಿಂದ ಬಂತು? ಆಕ್ಟಿನ್‌ಗೆ ಅಪ್ಪಣೆ ಕೊಡುವವರಿಂದ! ಎಲ್ಲಿ ಬೆಳೆಯಬೇಕು, ಯಾವಾಗ ಕವಲೊಡೆಯಬೇಕು, ಯಾವಾಗ ಕರಗಿಹೋಗಬೇಕು ಎಂದು ಹೇಳುವ ಪ್ರೋಟೀನ್‌ಗಳ ದೊಡ್ಡ ಪಡೆಯೇ ಇದೆ. ಕೋಫಿಲಿನ್ ಹಳೆಯ ಎಳೆಯನ್ನು ಕತ್ತರಿಸುತ್ತದೆ. ಫಾರ್ಮಿನ್ ನೇರ ಎಳೆ ಹೊಸೆಯುತ್ತದೆ. ಆರ್ಪ್ 2/3 ಎಂಬ ಏಳು ಪ್ರೋಟೀನ್‌ಗಳ ಕೂಟ ಹಳೆಯ ಎಳೆಯ ಪಕ್ಕಕ್ಕೆ ಕೂತು ಹೊಸ ಕವಲು ಎಬ್ಬಿಸುತ್ತದೆ. ಕೋನ ಎಷ್ಟು? ಪ್ರತಿಸಲವೂ ಸುಮಾರು 70 ಡಿಗ್ರಿ! ಕೋನಮಾಪಕ ಹಿಡಿದು ಯಾರೂ ಕೂತಿಲ್ಲ.

ಈ ಪಡೆಯ ನಾಯಕ ವಾಸ್ಪ್.

ವಾಸ್ಪ್ ಸುಮ್ಮನಿದ್ದಾಗ ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಮುದುರಿ ಕೂತಿರುತ್ತದೆ. ಸಿಡಿಸಿ42 ಎಂಬ ಪ್ರೋಟೀನ್ ಬಂದು ಮುಟ್ಟಿದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಬಾಲ ಆರ್ಪ್ 2/3ನ್ನು ಹಿಡಿಯುತ್ತದೆ. ಕವಲು ಚಿಮ್ಮುತ್ತದೆ! ಇದು ಇರುವುದು ರಕ್ತಕೋಶಗಳ ವಂಶದಲ್ಲಿ ಮಾತ್ರ. ಉಳಿದ ಕೋಶಗಳಿಗೆ ಅದರ ದಾಯಾದಿಗಳಿದ್ದಾರೆ.

ಇದೊಂದು ಕೆಟ್ಟರೆ?

1937, ಮ್ಯೂನಿಕ್. ಆಲ್ಫ್ರೆಡ್ ವಿಸ್ಕಾಟ್ ಎಂಬ ಮಕ್ಕಳ ವೈದ್ಯರ ಮುಂದೆ ಒಂದೇ ಮನೆಯ ಮೂವರು ಗಂಡು ಮಕ್ಕಳು. ರಕ್ತ ಬೀಳುವ ಭೇದಿ. ಚರ್ಮದ ತುಂಬ ಇಸುಬು. ಮತ್ತೆ ಮತ್ತೆ ಸೋರುವ ಕಿವಿ. ಮೂವರೂ ಎಳವೆಯಲ್ಲೇ ತೀರಿಕೊಂಡರು. ಅದೇ ಮನೆಯ ಹೆಣ್ಣು ಮಕ್ಕಳಿಗೆ ಏನೂ ಇಲ್ಲ!

ಯಾಕೆ ಗಂಡಿಗೆ ಮಾತ್ರ? 1954ರಲ್ಲಿ ಅಮೆರಿಕದ ರಾಬರ್ಟ್ ಆಲ್ಡ್ರಿಚ್ ಒಂದು ಮನೆತನದ ತಲೆಮಾರುಗಳನ್ನೇ ಜಾಲಾಡಿ ಗಂಟು ಬಿಡಿಸಿದರು. ದೋಷ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್, ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಗಂಡಿಗೆ ಇರುವುದೇ ಒಂದು. ತಾಯಿ ಆರೋಗ್ಯವಂತೆ, ಮಗ ರೋಗಿ!

ವಾಸ್ಪ್ ಕಟ್ಟುವ ಆ ಜೀನ್ ಸಿಕ್ಕಿದ್ದು ಯಾವಾಗ? 1994ರಲ್ಲಿ! ಮ್ಯೂನಿಕ್‌ನ ಆ ಮೂರು ಮಕ್ಕಳ ನಂತರ 57 ವರ್ಷಕ್ಕೆ. ಆದರೆ ತಮಾಷೆ ನೋಡಿ, ಜೀನ್ ಯಾವುದೆಂದು ಗೊತ್ತಾಗುವ 26 ವರ್ಷ ಮೊದಲೇ, 1968ರಲ್ಲೇ, ಈ ರೋಗಕ್ಕೆ ಅಸ್ಥಿಮಜ್ಜೆ ಕಸಿ ಮಾಡಿಬಿಟ್ಟಿದ್ದರು! ಕಳ್ಳನ ಹೆಸರು ಗೊತ್ತಿಲ್ಲ, ಮನೆಯನ್ನೇ ಬದಲಿಸಿದರು.

ಈ ರೋಗದ ಒಂದು ಲಕ್ಷಣ ನನ್ನನ್ನು ಬೆರಗಾಗಿಸುತ್ತದೆ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಂಬ ಚೂರುಗಳು ಈ ಮಕ್ಕಳಲ್ಲಿ ಕಡಿಮೆ. ಡೆಂಗಿ ಬಂದಾಗಲೂ ಕಡಿಮೆಯಾಗುತ್ತವೆ, ಬೆಂಗಳೂರಿನವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಇಲ್ಲಿ ಅವು ಗಾತ್ರದಲ್ಲೂ ಕುಗ್ಗಿರುತ್ತವೆ. ಸಾಮಾನ್ಯ ಗಾತ್ರದ ಸುಮಾರು ಅರ್ಧ! ಬೇರೆ ಕಾಯಿಲೆಗಳಲ್ಲಿ ಸಂಖ್ಯೆ ಇಳಿದರೂ ಹೊಸ ಪ್ಲೇಟ್‌ಲೆಟ್‌ಗಳು ದೊಡ್ಡದಾಗಿಯೇ ಬರುವುದು ಹೆಚ್ಚು. ಪುಟಾಣಿ ಪ್ಲೇಟ್‌ಲೆಟ್ ಕಂಡರೆ ವೈದ್ಯರ ಕಿವಿ ನೆಟ್ಟಗಾಗಬೇಕು. ಈ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ವಾಸ್ಪ್‌ಗಿಂತ ವಿಚಿತ್ರವಾದದ್ದು ಇದೆಯೇ? ಇದೆ! ಅದರ ಹೆಸರು ಡಾಕ್8.

ಸಿಡಿಸಿ42ನ್ನು ಎಚ್ಚರಿಸುವುದು ಈ ಡಾಕ್8. ಇದು ಇಲ್ಲದ ಮಕ್ಕಳ ಚರ್ಮದ ಮೇಲೆ ನರುಳ್ಳೆಗಳು, ಸರ್ಪಸುತ್ತಿನ ಬಳಗದ ವೈರಸ್ ಹುಣ್ಣುಗಳು ಮುಗಿಯುವುದೇ ಇಲ್ಲ. ಟಿ ಕೋಶಗಳು ಇವೆ, ನಡೆಯುತ್ತವೆ. ಆದರೂ ಚರ್ಮವನ್ನು ಕಾಯಲು ಆಗುತ್ತಿಲ್ಲ. ಯಾಕಿರಬಹುದು?

2014ರಲ್ಲಿ ಉತ್ತರ ಸಿಕ್ಕಿತು. ಎದೆ ಗಟ್ಟಿ ಮಾಡಿಕೊಂಡು ಓದಿ. ಚರ್ಮದೊಳಗೆ ಕೊಲಾಜೆನ್ ನಾರುಗಳ ದಟ್ಟ ಹೆಣಿಗೆ. ಸಂದಿಗಳು ಬಲು ಕಿರಿದು. ಟಿ ಕೋಶ ಅಲ್ಲಿ ನುಸುಳುವಾಗ ತನ್ನ ಮುಂಭಾಗ, ನಡುಭಾಗ, ಹಿಂಭಾಗಗಳನ್ನು ಒಂದೇ ತಾಳದಲ್ಲಿ ಸಾಗಿಸಬೇಕು. ಡಾಕ್8 ಇಲ್ಲದ ಕೋಶದ ತಾಳ ತಪ್ಪುತ್ತದೆ. ಮುಂದಿನ ತುದಿ ಒಂದು ಸಂದಿಗೆ ಎಳೆಯುತ್ತದೆ, ಹಿಂದಿನದು ಇನ್ನೊಂದರಲ್ಲಿ ಸಿಕ್ಕಿಕೊಳ್ಳುತ್ತದೆ. ಕೋಶ ಉದ್ದಕ್ಕೆ, ಇನ್ನೂ ಉದ್ದಕ್ಕೆ ಎಳೆದುಕೊಂಡು, ಕೊನೆಗೆ ಚೂರುಚೂರಾಗಿ ಹರಿದುಹೋಗುತ್ತದೆ!

ಹೌದು, ನಡೆಯುತ್ತಾ ನಡೆಯುತ್ತಾ ತನ್ನನ್ನು ತಾನೇ ಹರಿದುಕೊಂಡು ಸಾಯುತ್ತದೆ! ಈ ಸಾವಿಗೆ ಸೈಟೋಥ್ರಿಪ್ಸಿಸ್ ಎಂದು ಹೆಸರನ್ನೂ ಇಟ್ಟಿದ್ದಾರೆ. ಬಯಲಿನಲ್ಲಿ ಬಿಟ್ಟರೆ ಅದೇ ಕೋಶ ಚೆನ್ನಾಗಿಯೇ ಓಡಾಡುತ್ತದೆ. ಇಕ್ಕಟ್ಟಿಗೆ ಬಿದ್ದರೆ ಮಾತ್ರ ಛಿದ್ರ.

ಉಸಿರು ತೆಗೆದುಕೊಳ್ಳಿ. ಬೇಟೆಯ ಕೊನೆಯ ಗಳಿಗೆಗೆ ಹೋಗೋಣ.

ಟಿ ಕೋಶ ಶತ್ರುವನ್ನು ಮುಟ್ಟಿದೆ. ಮುಟ್ಟಿದ ಜಾಗದಲ್ಲಿ ಚಪ್ಪಟೆಯಾಗಿ ಹರಡಿ ಅಂಟಿಕೊಂಡಿದೆ. ಆಕ್ಟಿನ್ ಎಳೆಗಳು ಆ ಜಾಗಕ್ಕೆ ಧಾವಿಸುತ್ತವೆ. ಕೋಶದ ಹೊಟ್ಟೆಯಲ್ಲಿ ವಿಷದ ಚೀಲಗಳಿವೆ. ಅದರೊಳಗೆ ತೂತು ಕೊರೆಯುವ ಪರ್ಫೋರಿನ್, ತೂತಿನಲ್ಲಿ ನುಗ್ಗಿ ಕೊಲ್ಲುವ ಗ್ರಾಂಜೈಮ್. ಈಗ ಚೀಲ ಹೊರಗೆ ಹೋಗಬೇಕು. ಆದರೆ ಎದುರಿಗೆ ಆಕ್ಟಿನ್‌ನ ದಟ್ಟ ಬಲೆ ಅಡ್ಡ ಇದೆಯಲ್ಲ!

ಏನು ಮಾಡುತ್ತದೆ, ಹೇಳಿ?

ಬಲೆಯನ್ನು ನಡುವಿನಲ್ಲಿ ಮಾತ್ರ ಕರಗಿಸಿಬಿಡುತ್ತದೆ! ಅಂಚಿನಲ್ಲಿ ಆಕ್ಟಿನ್‌ನ ಉಂಗುರ, ನಡುವೆ ಖಾಲಿ. ಚೀಲಗಳು ಅಲ್ಲಿಂದಲೇ ಹೊರಗೆ! ಕೇಂಬ್ರಿಡ್ಜ್‌ನ ಗಿಲಿಯನ್ ಗ್ರಿಫಿತ್ಸ್ ತಂಡ 2015ರಲ್ಲಿ ಇದನ್ನು ಜೀವಂತ ಕೋಶದಲ್ಲೇ ಚಿತ್ರೀಕರಿಸಿತು. ಎರಡು ವರ್ಷದ ನಂತರ ಇನ್ನೊಂದು ಸುದ್ದಿ. ಕೆಲಸ ಮುಗಿದಾಗ ಆಕ್ಟಿನ್ ಮತ್ತೆ ನಡುವಿಗೆ ಮರಳುತ್ತದೆ, ವಿಷ ನಿಲ್ಲುತ್ತದೆ. ಉಳಿದ ಚೀಲ ಮುಂದಿನ ಬೇಟೆಗೆ! ಇಷ್ಟು ಲೆಕ್ಕಾಚಾರದ ಜಿಪುಣತನ ನಮ್ಮ ಮನೆಯ ಹಿರಿಯರಲ್ಲೂ ಕಾಣೆ.

ಅಷ್ಟಕ್ಕೇ ನಿಲ್ಲಲಿಲ್ಲ! ನ್ಯೂಯಾರ್ಕಿನ ಮಾರ್ಗನ್ ಹ್ಯೂಸ್ ತಂಡ 2016ರಲ್ಲಿ ಕಂಡದ್ದು: ಟಿ ಕೋಶ ವಿಷ ಬಿಡುವಾಗ ಶತ್ರುವಿನ ಪೊರೆಯನ್ನು ಜಗ್ಗಿ ಬಿಗಿ ಮಾಡುತ್ತದೆ. ಬಿಗಿಯಾದ ಪೊರೆಗೆ ತೂತು ಬೀಳುವುದು ಸುಲಭ! ಜಗ್ಗುವ ಬಲ ಯಾರದ್ದು? ಮತ್ತೆ ಅದೇ ಆಕ್ಟಿನ್. 2019ರಲ್ಲಿ ಇನ್ನೂ ಹತ್ತಿರದಿಂದ ನೋಡಿದರು: ವಾಸ್ಪ್ ಅಪ್ಪಣೆಯಿಂದ ಎದ್ದ ಕಿರುಮುಳ್ಳುಗಳು ಶತ್ರುವಿನ ಮೈಯನ್ನು ಚುಚ್ಚಿ ತಿರುಚುತ್ತಿದ್ದವು.

ಕ್ಯಾನ್ಸರ್ ಸುಮ್ಮನೆ ಸಾಯುತ್ತದೆಯೇ? ಇಲ್ಲ! 2018ರಲ್ಲಿ ಲಕ್ಸೆಂಬರ್ಗಿನ ಸಂಶೋಧಕರು ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಬೆಚ್ಚಿಬೀಳಿಸುವ ವರಸೆ ಕಂಡರು. ಕೊಲೆಗಾರ ಕೋಶ ಬಂದು ಅಂಟಿದ ಕ್ಷಣ, ಕ್ಯಾನ್ಸರ್ ಕೋಶ ತನ್ನ ಆಕ್ಟಿನ್ ಅನ್ನು ಅದೇ ಜಾಗಕ್ಕೆ ನುಗ್ಗಿಸುತ್ತದೆ. ಹಾಗೆ ಮಾಡಿದ ಕೋಶಗಳು ಬದುಕಿ ಉಳಿಯುವುದು ಹೆಚ್ಚು! ಎರಡೂ ಕಡೆ ಒಂದೇ ಆಯುಧ!

ಕ್ಷಯದ ಬ್ಯಾಕ್ಟೀರಿಯಾ ಇನ್ನೂ ಕಿಲಾಡಿ. ಭಕ್ಷಕ ಕೋಶ ಅದನ್ನು ನುಂಗುತ್ತದೆ, ಒಂದು ಕೋಣೆಯೊಳಗೆ ಹಾಕುತ್ತದೆ. ಆ ಕೋಣೆಯ ಗೋಡೆಗೆ ಕೊರೋನಿನ್ ಎಂಬ ಪ್ರೋಟೀನ್ ಬಂದು ಕೂರುತ್ತದೆ. ಹೆಸರು ಕೇಳಿ ಹೆದರಬೇಡಿ, 2020ರ ವೈರಸ್ಸಿಗೂ ಇದಕ್ಕೂ ನಂಟಿಲ್ಲ. ಇದೂ ಆಕ್ಟಿನ್ ಪಡೆಯದ್ದೇ. ಸಾಮಾನ್ಯವಾಗಿ ಅದು ಬೇಗ ಎದ್ದು ಹೋಗಬೇಕು, ಆಗ ಜೀರ್ಣರಸ ಒಳಗೆ ಸುರಿಯುತ್ತದೆ. ಜೀವಂತ ಕ್ಷಯಾಣು ಅದನ್ನು ಏಳಲು ಬಿಡುವುದಿಲ್ಲ! ನಮ್ಮದೇ ಪ್ರೋಟೀನನ್ನು ಕಾವಲಿಗೆ ಕೂರಿಸಿಕೊಂಡು ಒಳಗೆ ಆರಾಮಾಗಿರುತ್ತದೆ. 1999ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಪತ್ತೆಯಾದ ಸಂಗತಿ ಇದು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಇರುವ ದೇಶ ನಮ್ಮದು, ಹಾಗಾಗಿ ಇದು ನಮ್ಮ ಮನೆಯ ಸುದ್ದಿಯೂ ಹೌದು.

ಅಂದ ಹಾಗೆ, ಈ ಎಳೆಗಳನ್ನು ವಿಜ್ಞಾನಿಗಳು ನೋಡುವುದು ಹೇಗೆ? ಬಣ್ಣ ಹಚ್ಚಿ. ಬಣ್ಣವನ್ನು ಹೊತ್ತು ಎಳೆಗೆ ಹೋಗಿ ಅಂಟುವ ವಸ್ತು ಎಲ್ಲಿಂದ ಬಂತು? ಅಣಬೆಯಿಂದ! ತಿಂದವರನ್ನು ಕೊಲ್ಲುವ, ‘ಡೆತ್ ಕ್ಯಾಪ್’ ಎಂದೇ ಕುಖ್ಯಾತವಾದ ಅಣಬೆಯ ಫ್ಯಾಲಾಯ್ಡಿನ್ ಎಂಬ ವಿಷ!

ಈಗ ಬೆಂಗಳೂರಿಗೆ ವಾಪಸು ಬರೋಣ. ಈ ಕಥೆಯ ದೊಡ್ಡ ಅಧ್ಯಾಯಗಳಲ್ಲಿ ನಮ್ಮೂರಿನವರಿದ್ದಾರೆ!

ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಸತ್ಯಜಿತ್ ಮೇಯರ್, ಭೌತವಿಜ್ಞಾನಿ ಮದನ್ ರಾವ್ ಜೊತೆ ಸೇರಿ ಒಂದು ಪ್ರಶ್ನೆಯ ಬೆನ್ನು ಹತ್ತಿದರು. ಕೋಶದ ಪೊರೆಯ ಮೇಲಿನ ಅಣುಗಳು ಗುಂಪುಗೂಡುವುದು ಹೇಗೆ? 2012ರಲ್ಲಿ ಅವರ ತಂಡ ಕೊಟ್ಟ ಉತ್ತರ: ಪೊರೆಯ ಕೆಳಗೆ ಪುಟ್ಟ ಆಕ್ಟಿನ್ ಎಳೆಗಳು ನಕ್ಷತ್ರದ ಆಕಾರಕ್ಕೆ ಕೂಡುತ್ತವೆ, ಮೇಲಿನ ಅಣುಗಳನ್ನು ಎಳೆದು ಒಟ್ಟುಗೂಡಿಸುತ್ತವೆ, ಮತ್ತೆ ಚದುರುತ್ತವೆ. ಪೊರೆ ತೆಪ್ಪಗೆ ತೇಲುವ ಎಣ್ಣೆಯಲ್ಲ, ಕೆಳಗಿನಿಂದ ಯಾರೋ ಸದಾ ಕಲಕುತ್ತಿದ್ದಾರೆ! ಅದೇ ವರ್ಷ ಮೇಯರ್ ಅವರಿಗೆ ಜೀವವಿಜ್ಞಾನದ ಇನ್ಫೋಸಿಸ್ ಪ್ರಶಸ್ತಿ ಬಂತು.

ಅವರದೇ ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡಿದವರು ಸುಧಾ ಕುಮಾರಿ. ಅಮೆರಿಕಕ್ಕೆ ಹೋದರು, ಟಿ ಕೋಶ ಶತ್ರುವನ್ನು ಮುಟ್ಟುವ ಆ ಜಾಗವನ್ನೇ ಇಣುಕಿದರು. 2015ರಲ್ಲಿ ಅವರು ಮತ್ತು ಸಂಗಡಿಗರು ಹೊರಗಿಟ್ಟ ಸಂಗತಿ ಕೇಳಿ. ವಾಸ್ಪ್ ಇಲ್ಲದ ಟಿ ಕೋಶದ ಆ ಜಾಗದಲ್ಲಿ ಆಕ್ಟಿನ್ ಎಷ್ಟಿರಬೇಕು? ಅರ್ಧ? ಕಾಲು?

ಹೆಚ್ಚುಕಡಿಮೆ ಮೊದಲಿನಷ್ಟೇ!

ಮತ್ತೆ ಹೋಗಿದ್ದೇನು? ಚುಕ್ಕಿಗಳು! ಗ್ರಾಹಕಗಳ ಪುಟ್ಟ ಗುಂಪುಗಳಿರುವಲ್ಲೇ ಏಳುವ ಆಕ್ಟಿನ್‌ನ ಸಣ್ಣ ಸಣ್ಣ ಗುಡ್ಡೆಗಳು. ಅವು ಮಾತ್ರ ಮಾಯ. ಅಷ್ಟಕ್ಕೇ ಒಳಗಿನ ಸಂದೇಶ ಕುಂದುತ್ತದೆ, ಕ್ಯಾಲ್ಸಿಯಂ ಸರಿಯಾಗಿ ಏರುವುದಿಲ್ಲ, ಕೋಶ ಪೂರ್ತಿ ಎಚ್ಚರಗೊಳ್ಳುವುದಿಲ್ಲ! ಎಷ್ಟು ಆಕ್ಟಿನ್ ಇದೆ ಎಂಬುದಕ್ಕಿಂತ ಎಲ್ಲಿ ಕೂತಿದೆ ಎಂಬುದೇ ಇಲ್ಲಿ ದೊಡ್ಡದು. ಸುಧಾ ಕುಮಾರಿ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೂಕ್ಷ್ಮಜೀವಿ ಮತ್ತು ಕೋಶ ಜೀವವಿಜ್ಞಾನ ವಿಭಾಗದಲ್ಲಿದ್ದಾರೆ.

ಬೊಮ್ಮಸಂದ್ರದ ಬೇಟೆಗಾರನಿಗೂ ಇದೆಲ್ಲ ಬೇಕೇ? ಬೇಕು! ಆದರೆ ಅವನ ಶೈಲಿಯೇ ಬೇರೆ. 2018ರಲ್ಲಿ ಮೆಲ್ಬರ್ನ್‌ನಲ್ಲಿ ಕಾರ್-ಟಿ ಕೋಶಗಳನ್ನು ಹತ್ತಿರದಿಂದ ನೋಡಿದವರಿಗೆ ಕಂಡಿದ್ದು ಅಡ್ಡಾದಿಡ್ಡಿ ಅಂಟು. ಪಾಠಪುಸ್ತಕದ ಅಂದವಾದ ಉಂಗುರ ಇಲ್ಲವೇ ಇಲ್ಲ! ಆದರೂ ವಿಷದ ಚೀಲ ಬೇಗ ಬರುತ್ತದೆ, ಬೇಗ ಕೊಲ್ಲುತ್ತದೆ, ಬೇಗ ಕಳಚಿಕೊಂಡು ಮುಂದಿನವನತ್ತ ಹೊರಡುತ್ತದೆ. ನಾವು ಕೊಟ್ಟಿದ್ದು ಒಂದು ಗ್ರಾಹಕ. ಕೆಳಗಿನ ಆಕ್ಟಿನ್ ಪಡೆ ತನ್ನ ಕಟ್ಟುಪಾಡನ್ನೇ ಅದಕ್ಕೆ ತಕ್ಕಂತೆ ಬದಲಿಸಿಕೊಂಡಿತು!

ಇನ್ನೊಂದು ಚೋದ್ಯ. ಬೊಮ್ಮಸಂದ್ರಕ್ಕೆ ಹೋಗುವ ಅದೇ ಹೊಸೂರು ರಸ್ತೆಯ ಬಯೋಕಾನ್ ಇದಕ್ಕೆ ತದ್ವಿರುದ್ಧದ ಮದ್ದು ಮಾಡಿದೆ. ಇಟೋಲಿಜುಮ್ಯಾಬ್. ಟಿ ಕೋಶ ಎದುರಿನ ಕೋಶಕ್ಕೆ ಅಂಟಿಕೊಳ್ಳಲು ನೆರವಾಗುವ ಸಿಡಿ6 ಎಂಬ ಪ್ರೋಟೀನಿನ ಮೇಲೆ ಇದು ಹೋಗಿ ಕೂರುತ್ತದೆ. ಟಿ ಕೋಶ ತಣ್ಣಗಾಗುತ್ತದೆ. 2013ರಲ್ಲಿ ಸೋರಿಯಾಸಿಸ್ ಚರ್ಮರೋಗಕ್ಕೆ ಬಂತು, 2020ರಲ್ಲಿ ಕೋವಿಡ್ ರೋಗಿಗಳ ದೇಹದಲ್ಲಿ ರೋಗನಿರೋಧಕ ವ್ಯವಸ್ಥೆಯೇ ಹುಚ್ಚೆದ್ದಾಗ ತುರ್ತು ಬಳಕೆಗೆ ಅನುಮತಿ ಪಡೆಯಿತು. ಒಂದೇ ರಸ್ತೆ! ಒಂದು ಕಡೆ ಟಿ ಕೋಶವನ್ನು ಛೂ ಬಿಡುವವರು, ಇನ್ನೊಂದು ಕಡೆ ಅದನ್ನು ತಡೆದು ನಿಲ್ಲಿಸುವವರು!

ಕೊನೆಯದಾಗಿ, ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಆ ಪುಟಾಣಿ ಪ್ಲೇಟ್‌ಲೆಟ್. ವಿಸ್ಕಾಟ್-ಆಲ್ಡ್ರಿಚ್ ರೋಗ ಹತ್ತು ಲಕ್ಷ ಗಂಡು ಮಕ್ಕಳಲ್ಲಿ ಒಂದರಿಂದ ಹತ್ತು ಮಂದಿಗೆ ಬರಬಹುದು. ಅಪರೂಪವೇ. ಆದರೆ ಅದರ ಮೊದಲ ಸುಳಿವು ಹಿಡಿಯಲು ದೊಡ್ಡ ಯಂತ್ರ ಬೇಕಿಲ್ಲ! ಬಡಾವಣೆಯ ಲ್ಯಾಬಿನಲ್ಲಿ ಮಾಡಿಸುವ ಸಾಮಾನ್ಯ ರಕ್ತಪರೀಕ್ಷೆ ಸಿಬಿಸಿ ಸಾಕು. ಆ ಚೀಟಿಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆಯ ಆಸುಪಾಸಿನಲ್ಲೇ ಎಂಪಿವಿ ಎಂಬ ಸಾಲಿರುತ್ತದೆ. ಅದೇ ಗಾತ್ರ! ನಿಮ್ಮ ಮನೆಯಲ್ಲಿ, ಅಕ್ಕಪಕ್ಕದಲ್ಲಿ, ಗಂಡು ಕೂಸಿಗೆ ಕಾರಣವಿಲ್ಲದೆ ಮೈಮೇಲೆ ಕೆಂಪು ಚುಕ್ಕೆ, ವಾಸಿಯಾಗದ ಇಸುಬು, ಮತ್ತೆ ಮತ್ತೆ ಕಿವಿ ಸೋರುವುದು ಒಟ್ಟಿಗೆ ಕಂಡರೆ, ಆ ಸಾಲಿನ ಮೇಲೆ ಬೆರಳಿಟ್ಟು ಮಕ್ಕಳ ವೈದ್ಯರನ್ನು ಕೇಳಿ. ಬೇಗ ಗೊತ್ತಾದರೆ ಅಸ್ಥಿಮಜ್ಜೆ ಕಸಿಯಿಂದ ಮಗು ಗುಣವಾಗಬಲ್ಲದು.